ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಿಸಬಹುದೇ? ಥ್ರೆಡ್ ಹೋದರೆ ಎಂಜಿನ್ ಹೋದಂತೆಯೇ?

ಪ್ರಶ್ನೆ: ನನ್ನದು 2014ರ ಸ್ವಿಫ್ಟ್ ಪೆಟ್ರೋಲ್ ಕಾರು, 78,000 ಕಿ.ಮೀ. ಓಡಿದೆ. ಪ್ಲಗ್ ಯಾವಾಗ ಬದಲಾಗಿತ್ತೋ ನೆನಪಿಲ್ಲ, ಬಿಲ್ಲುಗಳಲ್ಲೂ ಕಾಣುತ್ತಿಲ್ಲ. ಹೋದ ತಿಂಗಳು ಬಾನೆಟ್ ಎತ್ತಿಸಿ ವಾಟರ್ ಸರ್ವಿಸ್ ಮಾಡಿಸಿದೆ. ಆಮೇಲಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಾರು ನಿಂತಲ್ಲೇ ನಡುಗುತ್ತದೆ, ಹತ್ತು ನಿಮಿಷ ಓಡಿದ ಮೇಲೆ ಕಡಿಮೆಯಾಗುತ್ತದೆ. ಏರು ಹತ್ತುವಾಗ ಜಗ್ಗುತ್ತದೆ. ಚೆಕ್ ಎಂಜಿನ್ ಲೈಟ್ ಎರಡು ಸಲ ಬಂದು ಹೋಯಿತು. ಹದಿನೇಳು ಕೊಡುತ್ತಿದ್ದ ಮೈಲೇಜ್ ಹದಿನಾಲ್ಕಕ್ಕೆ ಇಳಿದಿದೆ. ಗ್ಯಾರೇಜಿನಲ್ಲಿ ‘ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಹೊಸದು ಹಾಕಬೇಕು, ಇರಿಡಿಯಂ ಹಾಕಿಸಿ, ಮೈಲೇಜ್ ಏರುತ್ತೆ’ ಅಂದರು. ಗೆಳೆಯ ‘ಅರ್ಧ ಗಂಟೆ ಕೆಲಸ, ನೀನೇ ಮಾಡು’ ಅನ್ನುತ್ತಾನೆ. ಅಪ್ಪ ‘ಅಲ್ಯೂಮಿನಿಯಂ ಹೆಡ್ಡು, ಥ್ರೆಡ್ (ಪ್ಲಗ್ ತಿರುಗಿಸಿ ಕೂರಿಸುವ ಗೆರೆ) ಹೋದರೆ ಎಂಜಿನ್ನೇ ಹೋದಂಗೆ, ಮುಟ್ಟಬೇಡ’ ಅನ್ನುತ್ತಾರೆ. ಇ20 (ಶೇ. 20 ಎಥೆನಾಲ್ ಬೆರೆತ) ಪೆಟ್ರೋಲಿನಿಂದ ಪ್ಲಗ್ ಕೆಟ್ಟಿರಬಹುದೇ? ಹಳೇ ಪ್ಲಗ್ ಉಜ್ಜಿ ಹಾಕಿದರೆ ಆಗದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಪ್ಲಗ್ ಅಲ್ಲ, ವಾಟರ್ ಸರ್ವಿಸ್. ಪ್ಲಗ್ ಬದಲಿಸುವುದು ನಿಮ್ಮ ಕೈಯಲ್ಲಿ ಆಗುವ ಕೆಲಸವೇ, ಹೇಗೆಂದು ಮುಂದೆ ಹೇಳುತ್ತೇನೆ. ಆದರೆ ಸಾಮಾನು ಕೊಳ್ಳುವ ಮುಂಚೆ ನಡುಕ ಯಾವ ಸಿಲಿಂಡರಿನದು, ಅಲ್ಲಿ ಕೆಟ್ಟಿರುವುದು ಏನು ಎಂದು ತಿಳಿಯಬೇಕು. ಅದು ಗೊತ್ತಾಗದೆ ಎಂಟು ಸಾಮಾನು ಒಟ್ಟಿಗೆ ಬದಲಿಸಿದರೆ ಕಾರು ಸರಿಹೋಗಲೂಬಹುದು. ಆದರೆ ಏನು ಕೆಟ್ಟಿತ್ತು ಎಂಬುದು ನಿಮಗೂ ತಿಳಿಯುವುದಿಲ್ಲ, ಬದಲಿಸಿದವರಿಗೂ ತಿಳಿಯುವುದಿಲ್ಲ.

ನಿಮ್ಮ ಎಂಜಿನ್‌ನಲ್ಲಿ ಪ್ಲಗ್‌ಗಳು ಮೇಲಿನಿಂದ ನೇರ ಕೆಳಕ್ಕೆ, ಬೆರಳು ತಳ ಮುಟ್ಟದಷ್ಟು ಆಳದ ಬಾವಿಯಂಥ ಜಾಗದಲ್ಲಿ ಕೂತಿರುತ್ತವೆ. ಒಂದೊಂದು ಪ್ಲಗ್‌ನ ತಲೆಯ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್, ಅದರ ಬುಡಕ್ಕೆ ಉದ್ದನೆಯ ರಬ್ಬರ್ ಬೂಟು. ಜೋರು ಪ್ರೆಷರ್‌ನಲ್ಲಿ ನೀರು ಹೊಡೆದಾಗ ಕಾಯಿಲ್‌ನ ಮೇಲಿನ ಸೀಲ್ ದಾಟಿ ನೀರು ಒಳಗಿಳಿಯುತ್ತದೆ. ಹೊರಬರಲು ಅದಕ್ಕೆ ದಾರಿಯಿಲ್ಲ. ಕಾಯಿಲ್ ಕಳಿಸುವುದು ಸಾವಿರಾರು ವೋಲ್ಟ್. ಅದು ಪ್ಲಗ್‌ನ ತುದಿಯ ಕಿರು ಸಂದಿನಲ್ಲಿ (ಗ್ಯಾಪ್) ಕಿಡಿಯಾಗುವ ಬದಲು ಒದ್ದೆಯಾದ ಪಿಂಗಾಣಿಯ ಮೈಮೇಲೇ ಹರಿದು ಲೋಹದ ಕವಚಕ್ಕೆ ಹಾರುತ್ತದೆ. ಪೆಟ್ರೋಲ್ ಸರಿಯಾಗಿ ಉರಿಯದೆ ಆ ಸಿಲಿಂಡರ್ ಮಿಸ್ಸಿಂಗ್ (ಮಿಸ್‌ಫೈರ್) ಹೊಡೆಯುತ್ತದೆ. ಎಂಜಿನ್ ಬಿಸಿಯಾದಂತೆ ತೇವ ಆವಿಯಾಗಿ ನಡುಕ ಕಡಿಮೆಯಾಗುತ್ತದೆ, ರಾತ್ರಿ ತಣಿದಾಗ ಅದೇ ತೇವ ಮತ್ತೆ ಹನಿಗಟ್ಟುತ್ತದೆ. ನೀವು ಬರೆದ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇಂಥ ಕಾರುಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ.

ಹಾಗಾಗಿ ಮೊದಲು ಮಾಡಬೇಕಾದ್ದು ಎರಡು ಪರೀಕ್ಷೆ. ಮೊದಲನೆಯದು ಕೋಡ್ ಓದುವುದು. ಚೆಕ್ ಎಂಜಿನ್ ಲೈಟ್ ಆರಿದ್ದರೂ ದೋಷದ ಕೋಡ್ ಇಸಿಯುನಲ್ಲಿ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನಲ್ಲಿ) ಉಳಿದಿರುವ ಸಾಧ್ಯತೆ ಹೆಚ್ಚು. ಸ್ಕ್ಯಾನರ್ ಇರುವ ಯಾರ ಬಳಿಯಾದರೂ ಓದಿಸಿ. ಪಿ0300 ಬಂದರೆ ಮಿಸ್‌ಫೈರ್ ಇಂಥದೇ ಸಿಲಿಂಡರಿನದೆಂದು ಗೊತ್ತಾಗಿಲ್ಲ ಎಂದರ್ಥ. ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಎರಡನೆಯದು ಅದಲುಬದಲು. ಕೋಡ್ ಎರಡನೇ ಸಿಲಿಂಡರನ್ನು ತೋರಿಸಿತು ಎನ್ನಿ. ಅದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದರ ಕಾಯಿಲನ್ನು ಎರಡನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಕಾರು ಓಡಿಸಿ. ದೂರು ಮೂರಕ್ಕೆ ಹೋದರೆ ಕಾಯಿಲ್ ಅಥವಾ ಅದರ ಬೂಟು ಕೆಟ್ಟಿದೆ. ಎರಡರಲ್ಲೇ ಉಳಿದರೆ ಮೊದಲ ಅನುಮಾನ ಪ್ಲಗ್ ಮೇಲೆ, ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮತ್ತು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಮೇಲೆ. ಒಂದು ಕಾಯಿಲ್‌ನ ಬೆಲೆಗೆ ನಾಲ್ಕು ಸಾಮಾನ್ಯ ಪ್ಲಗ್ ಬಂದು ದುಡ್ಡು ಉಳಿಯುತ್ತದೆ. ಅಂಥಾದ್ದರಲ್ಲಿ ಈ ಪರೀಕ್ಷೆ ಮಾಡದೆ ನಾಲ್ಕೂ ಕಾಯಿಲ್ ಬದಲಿಸಿ ಎನ್ನುವುದು ನನಗೆ ಒಪ್ಪಿಗೆಯಾಗದ ಮಾತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಓಡುತ್ತಿರುವ ಎಂಜಿನ್‌ನ ಕಾಯಿಲ್ ಎಳೆದು ‘ಯಾವುದು ಸತ್ತಿದೆ’ ಎಂದು ನೋಡುವ ಹಳೇ ಪದ್ಧತಿ ಬೇಡ. ಶಾಕ್ ಹೊಡೆಯುತ್ತದೆ. ಪೇಸ್‌ಮೇಕರ್ ಇದ್ದವರಿಗಂತೂ ಪ್ರಾಣಾಪಾಯ. ಜೊತೆಗೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಚೆಕ್ ಎಂಜಿನ್ ಲೈಟ್ ಸುಮ್ಮನೆ ಉರಿಯದೆ ಮಿಣುಕುತ್ತಿದ್ದರೆ ಕಾರು ಹೇಳುತ್ತಿರುವುದೂ ಇದನ್ನೇ. ಆಗ ಏರು ಹತ್ತಿಸಬೇಡಿ, ಆಕ್ಸಿಲರೇಟರ್ ಒತ್ತಬೇಡಿ, ಆದಷ್ಟು ಬೇಗ ನಿಲ್ಲಿಸಿ.

ಹಾಗಾದರೆ ಪ್ಲಗ್‌ನದು ತಪ್ಪೇ ಇಲ್ಲವೇ? ಅದಕ್ಕೂ ವಯಸ್ಸಾಗಿದೆ. ಸಾಮಾನ್ಯ ನಿಕಲ್ ಪ್ಲಗ್ 30ರಿಂದ 40 ಸಾವಿರ ಕಿ.ಮೀ. ಬಾಳುತ್ತದೆ, ಇರಿಡಿಯಂ ಪ್ಲಗ್ ಲಕ್ಷದ ಆಸುಪಾಸು. ನಿಮ್ಮ ಕಾರಿಗೆ ಕಂಪನಿ ಹೇಳಿದ ಅವಧಿ ಓನರ್ಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅದೇ ಅಂತಿಮ. ಬದಲಾದ ದಾಖಲೆ ಇಲ್ಲದೆ 78,000 ಓಡಿದ್ದರೆ ಕೋಡ್ ಏನೇ ಹೇಳಲಿ, ನಾಲ್ಕೂ ಪ್ಲಗ್ ಒಟ್ಟಿಗೆ ಬದಲಿಸಿ. ಪ್ರತಿ ಕಿಡಿಯೂ ಎಲೆಕ್ಟ್ರೋಡಿನ (ಕಿಡಿ ಹಾರುವ ತುದಿಯ) ಲೋಹವನ್ನು ಒಂದು ಚೂರು ತಿನ್ನುತ್ತದೆ. ಚೂಪಾಗಿದ್ದ ಅಂಚು ಗುಂಡಗಾಗುತ್ತದೆ, 1 ಮಿ.ಮೀ. ಸುಮಾರಿಗಿದ್ದ ಗ್ಯಾಪ್ ಅಗಲವಾಗುತ್ತದೆ. ಗ್ಯಾಪ್ ಅಗಲವಾದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು, ಅದನ್ನು ಒದಗಿಸಬೇಕಾದದ್ದು ಕಾಯಿಲ್. ಸವೆದ ಪ್ಲಗ್ ವರ್ಷಗಟ್ಟಲೆ ಹಾಗೇ ಬಿಟ್ಟವರ ಕಾಯಿಲ್ ಬೇಗ ಸುಡುವುದು ಈ ಕಾರಣಕ್ಕೆ. ಏರಿನಲ್ಲಿ ಜಗ್ಗುವುದಕ್ಕೂ ಕಾರಣ ಇದೇ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ, ಒತ್ತಡದಲ್ಲಿ ಕಿಡಿ ಹಾರಿಸುವುದು ಇನ್ನೂ ಕಷ್ಟ. ಸಿಎನ್‌ಜಿ ಕಾರುಗಳಲ್ಲಿ ಪ್ಲಗ್‌ಗೆ ಹೊರೆ ಇನ್ನೂ ಹೆಚ್ಚು, ಅಂಥವರು ಪ್ಲಗ್ ಬೇಗ ಬದಲಿಸಬೇಕು.

ಇರಿಡಿಯಂ ಹಾಕಿದರೆ ಮೈಲೇಜ್ ಏರುತ್ತದೆ ಎಂಬ ಮಾತು ಅರ್ಧ ಸತ್ಯ. ಸವೆದದ್ದನ್ನು ತೆಗೆದು ಯಾವ ಹೊಸ ಪ್ಲಗ್ ಹಾಕಿದರೂ ಕಳೆದುಹೋದ ಮೈಲೇಜ್ ವಾಪಸ್ ಬರುತ್ತದೆ. ಇರಿಡಿಯಂನಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲ. ಇರಿಡಿಯಂ 2,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಗಟ್ಟಿ ಲೋಹ, ನಿಕಲ್ 1,455 ಡಿಗ್ರಿಗೇ ಕರಗುತ್ತದೆ. ಹಾಗಾಗಿ ನಡುವಿನ ಎಲೆಕ್ಟ್ರೋಡನ್ನು 0.4ರಿಂದ 0.6 ಮಿ.ಮೀ. ತೆಳ್ಳಗೆ ಮಾಡಿದರೂ ಅದು ಬಾಳುತ್ತದೆ, ತೆಳ್ಳಗಿದ್ದಷ್ಟೂ ಕಿಡಿ ಸುಲಭವಾಗಿ ಹಾರುತ್ತದೆ. ಇದರ ನಿಜವಾದ ಲಾಭ ಆಯುಷ್ಯ. ಕಾರನ್ನು ಇನ್ನೂ ಏಳೆಂಟು ವರ್ಷ ಇಟ್ಟುಕೊಳ್ಳುವುದಾದರೆ ಹಾಕಿಸಿ, ಎರಡು ವರ್ಷಕ್ಕೆ ಮಾರುವುದಾದರೆ ನಿಕಲ್ ಸಾಕು. ಆದರೆ ಕಂಪನಿಯೇ ಇರಿಡಿಯಂ ಹಾಕಿ ಕೊಟ್ಟ ಕಾರಿಗೆ ಮಾತ್ರ ನಿಕಲ್ ಹಾಕಿ ಮರೆತುಬಿಡಬೇಡಿ.

ಉಜ್ಜಿ ಹಾಕುವ ಅಭ್ಯಾಸ ಟೂ ಸ್ಟ್ರೋಕ್ ಸ್ಕೂಟರಿನ ಕಾಲದ್ದು. ಆಗ ಪೆಟ್ರೋಲಿನ ಜೊತೆ ಆಯಿಲೂ ಉರಿದು ಪ್ಲಗ್‌ಗೆ ಮಸಿ ಕಟ್ಟುತ್ತಿತ್ತು, ಡಿಕ್ಕಿಯಲ್ಲಿ ಪ್ಲಗ್ ಸ್ಪ್ಯಾನರ್ ಮತ್ತು ಮರಳುಕಾಗದ ಇಲ್ಲದ ಸ್ಕೂಟರ್ ಇರಲಿಲ್ಲ. ಉಜ್ಜಿದರೆ ಮಸಿ ಹೋಗುತ್ತದೆ, ಸವೆದ ಲೋಹ ಬರುವುದಿಲ್ಲ. ನಿಮ್ಮ ಕಾರಿನ ದೂರು ಮಸಿಯದ್ದಲ್ಲ. ಇರಿಡಿಯಂ ಪ್ಲಗ್‌ನ ಸಣ್ಣ ತುದಿಯನ್ನು ವೈರ್ ಬ್ರಷ್‌ನಿಂದ ತಿಕ್ಕಿದರಂತೂ ಹಾಳಾಗುತ್ತದೆ.

ಇ20 ವಿಷಯ. ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. ಎಥೆನಾಲ್ ಶೇ. 10ರಿಂದ 20ಕ್ಕೆ ಏರಿದರೆ ಲೆಕ್ಕದ ಪ್ರಕಾರ ಮೈಲೇಜ್ ಇಳಿಯಬೇಕಾದದ್ದು ಶೇ. 3–4ರಷ್ಟು. ಅಂದರೆ ನಿಮ್ಮ ಹದಿನೇಳು ಹದಿನಾರೂವರೆಯ ಹತ್ತಿರ ಬರಬೇಕಿತ್ತು, ಹದಿನಾಲ್ಕಕ್ಕಲ್ಲ. ಹಳೇ ಕಾರಿನ ರಬ್ಬರ್ ಪೈಪು, ಸೀಲುಗಳ ಮೇಲೆ ಎಥೆನಾಲ್ ಏನು ಮಾಡುತ್ತದೆ ಎಂಬ ಚಿಂತೆ ನ್ಯಾಯವಾದದ್ದೇ. ಆದರೆ ನಿಮ್ಮ ಪ್ಲಗ್ ಕೆಡಲು ಅದು ಕಾರಣವಲ್ಲ.

ಈಗ ಅಪ್ಪನ ಭಯಕ್ಕೆ ಬರೋಣ. ಅವರ ಮಾತು ಸುಳ್ಳಲ್ಲ. ಎಂಜಿನ್‌ನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಪ್ಲಗ್‌ನ ಮೈ ಉಕ್ಕಿನದು. ಇವೆರಡೂ ಜಗಳಕ್ಕೆ ಬಿದ್ದರೆ ಸೋಲುವುದು ಹೆಡ್. ಥ್ರೆಡ್ ಹೋದರೆ ಎಂಜಿನ್ ಪೂರ್ತಿ ಹೋಗುವುದಿಲ್ಲ. ಹೆಲಿಕಾಯಿಲ್ ಎಂಬ ಉಕ್ಕಿನ ಹೊಸ ಥ್ರೆಡ್ ಕೂರಿಸಿ ಸರಿಮಾಡುತ್ತಾರೆ. ಆದರೆ ಕೊರೆಯುವಾಗ ಚೂರು ಸಿಲಿಂಡರಿಗೆ ಬೀಳದಂತೆ ಮಾಡಲು ಎಷ್ಟೋ ಸಲ ಹೆಡ್ಡನ್ನೇ ಇಳಿಸಬೇಕಾಗುತ್ತದೆ, ಆಗ ಖರ್ಚು ಕೆಲವು ಸಾವಿರದಲ್ಲಿ ಮುಗಿಯುವುದಿಲ್ಲ. ಹಾಗೆಂದು ಥ್ರೆಡ್ ತಾನಾಗಿ ಹೋಗುವುದೂ ಇಲ್ಲ. ಬಿಸಿ ಎಂಜಿನ್‌ನಲ್ಲಿ ಪ್ಲಗ್ ಬಿಚ್ಚುವುದು, ಓರೆಯಾಗಿ ಕೂತ ಪ್ಲಗ್‌ಗೆ ಸ್ಪ್ಯಾನರ್ ಹಾಕಿ ತಿರುಗಿಸುವುದು, ಬೇಕಾದ್ದಕ್ಕಿಂತ ಹೆಚ್ಚು ಬಿಗಿ ಮಾಡುವುದು, ನಾನು ಕಂಡ ಹಾಳಾದ ಥ್ರೆಡ್‌ಗಳೆಲ್ಲ ಈ ಮೂರರಲ್ಲಿ ಒಂದರಿಂದ ಆದವು. ಮೂರನ್ನೂ ತಪ್ಪಿಸಬಹುದು.

ಪ್ಲಗ್ ಕೊಳ್ಳುವಾಗ ಮ್ಯಾನ್ಯುಯಲ್‌ನಲ್ಲಿರುವ ನಂಬರನ್ನೇ ಕೇಳಿ. ‘ಇದೂ ಕೂರುತ್ತೆ’ ಎಂದು ಅಂಗಡಿಯವರು ಕೊಟ್ಟದ್ದು ಥ್ರೆಡ್‌ಗೆ ಕೂರಬಹುದು, ಅದರ ಹೀಟ್ ರೇಂಜ್, ಅಂದರೆ ತನ್ನ ಬಿಸಿಯನ್ನು ಬಿಟ್ಟುಕೊಡುವ ವೇಗ, ಬೇರೆಯಿರಬಹುದು. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಬಾಷ್‌ನಲ್ಲಿ ಉಲ್ಟಾ. ಅಂಕಿ ನೋಡಿ ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಜಿಗಿದವರು ಮೋಸಹೋಗುವುದು ಇಲ್ಲಿಯೇ. ನಕಲಿ ಪ್ಲಗ್ ಕಾಟವೂ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ನಿಮ್ಮೂರಿನಲ್ಲೇ ಕೊಳ್ಳಿ, ಕಂಪನಿಯ ಅಧಿಕೃತ ಬಿಡಿಭಾಗದ ಅಂಗಡಿಯಲ್ಲಿ ಬಿಲ್ ಸಮೇತ ಕೊಳ್ಳಿ. ಮನೆಗೆ ತಂದ ಮೇಲೆ ಮಲ್ಟಿಮೀಟರ್ ಇದ್ದರೆ ಪ್ಲಗ್‌ನ ನೆತ್ತಿಗೂ ನಡುವಿನ ಎಲೆಕ್ಟ್ರೋಡಿಗೂ ಹಿಡಿಯಿರಿ. ರೆಸಿಸ್ಟರ್ ಪ್ಲಗ್ (ಒಳಗೆ ವಿದ್ಯುತ್ ತಡೆ ಇರುವುದು) ಆದರೆ ಸುಮಾರು 5 ಕಿಲೊಓಮ್ ತೋರಿಸಬೇಕು. ಸೊನ್ನೆ ತೋರಿಸಿದರೂ ಏನೂ ತೋರಿಸದಿದ್ದರೂ ವಾಪಸ್ ಕೊಡಿ. ಅಸಲಿ ಪ್ಲಗ್‌ನ ವಾಷರ್ ಕೈಯಲ್ಲಿ ಸುಲಭವಾಗಿ ಕಳಚಿ ಬರುವುದಿಲ್ಲ ಎಂಬುದೂ ಒಂದು ಗುರುತು.

ಉಪಕರಣ ಹೆಚ್ಚೇನೂ ಬೇಡ. ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವ ಪ್ಲಗ್ ಸಾಕೆಟ್ (ನಿಮ್ಮಂಥ ಎಂಜಿನ್‌ಗೆ ಸಾಮಾನ್ಯವಾಗಿ 16 ಮಿ.ಮೀ., ಕೆಲವು ಹೊಸ ಕಾರುಗಳಿಗೆ 14), ಉದ್ದನೆಯ ಎಕ್ಸ್‌ಟೆನ್ಷನ್, ರಾಟ್ಚೆಟ್, ಕಾಯಿಲ್ ಬೋಲ್ಟಿಗೆ 10 ಮಿ.ಮೀ. ಸಾಕೆಟ್, ಗ್ಯಾಪ್ ನೋಡಲು ಗೇಜ್, ಒಂದು ಗೇಣು ರಬ್ಬರ್ ಪೈಪು. ಎಷ್ಟು ಬಿಗಿಯಾಯಿತೆಂದು ತಿಳಿಸುವ ಟಾರ್ಕ್ ರೆಂಚ್ ಸಿಕ್ಕರೆ ಒಂದು ದಿನಕ್ಕೆ ಎರವಲು ತನ್ನಿ. ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಸೇರುವಲ್ಲಿ ಇನ್ಸುಲೇಷನ್ ಟೇಪ್ ಸುತ್ತಿ. ಸಾಕೆಟ್ಟಿನ ರಬ್ಬರ್ ಪ್ಲಗ್ಗನ್ನು ಗಟ್ಟಿಯಾಗಿ ಕಚ್ಚಿ ಹಿಡಿದು, ಎಕ್ಸ್‌ಟೆನ್ಷನ್ ಮಾತ್ರ ಮೇಲೆ ಬಂದು ಸಾಕೆಟ್ ಬಾವಿಯಲ್ಲೇ ಉಳಿಯುವುದು ಮನೆಯಲ್ಲಿ ಮಾಡುವವರಿಗೆಲ್ಲ ಆಗುವ ಫಜೀತಿ.

ಬೆಳಗ್ಗೆ, ರಾತ್ರಿಯಿಡೀ ತಣಿದ ಎಂಜಿನ್ ಮೇಲೆ ಕೆಲಸ ಶುರುಮಾಡಿ. ಕೀ ಜೇಬಿನಲ್ಲಿರಲಿ. ಏರ್ ಫಿಲ್ಟರ್ ಪೆಟ್ಟಿಗೆ ಅಡ್ಡವಿದ್ದರೆ ಬಿಚ್ಚಿ, ತೆರೆದ ಗಾಳಿಯ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಕಾಯಿಲ್‌ಗಳಿಗೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಕನೆಕ್ಟರ್‌ನ ಪ್ಲಾಸ್ಟಿಕ್ ಲಾಕ್ ಇಷ್ಟು ವರ್ಷದ ಬಿಸಿಗೆ ಗರಿಗರಿಯಾಗಿರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಎಳೆಯಿರಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬೋಲ್ಟ್ ಬಿಚ್ಚಿದ ಮೇಲೆ ಕಾಯಿಲನ್ನು ಆಚೀಚೆ ಸ್ವಲ್ಪ ತಿರುಗಿಸಿ ಬಿಡಿಸಿಕೊಂಡು ನೇರ ಮೇಲಕ್ಕೆತ್ತಿ.

ಈಗ ನಿಮ್ಮ ಕಾರಿನ ಮಟ್ಟಿಗೆ ಅತಿ ಮುಖ್ಯವಾದ ಗಳಿಗೆ. ಟಾರ್ಚ್ ಹಾಕಿ ಬಾವಿಯೊಳಗೆ ನೋಡಿ. ನೀರು ಅಥವಾ ತುಕ್ಕಿನ ಬಣ್ಣ ಕಂಡರೆ ನನ್ನ ಅನುಮಾನ ನಿಜ. ರಬ್ಬರ್ ಬೂಟನ್ನು ಬೆಳಕಿಗೆ ಹಿಡಿದು ಒಳಮೈ ನೋಡಿ. ಉದ್ದಕ್ಕೆ ಕೂದಲೆಳೆಯಂಥ ಗೆರೆ ಇದ್ದರೆ ಕಿಡಿ ಅಲ್ಲಿ ದಾರಿ ಮಾಡಿಕೊಂಡಿದೆ, ಒಣಗಿಸಿದರೂ ಅದು ಅದೇ ದಾರಿ ಹಿಡಿಯುತ್ತದೆ. ಕೆಲವು ಕಾರುಗಳಿಗೆ ಬೂಟು ಮಾತ್ರ ಬೇರೆ ಸಿಗುತ್ತದೆ, ಇಲ್ಲದಿದ್ದರೆ ಆ ಒಂದು ಕಾಯಿಲ್ ಬದಲಿಸಿ. ನೀರಿನ ಬದಲು ಎಂಜಿನ್ ಆಯಿಲ್ ಕಂಡರೆ ವಾಲ್ವ್ ಕವರ್‌ನ ಸೀಲ್ ಸೋರುತ್ತಿದೆ. ಅದನ್ನು ಬದಲಿಸದೆ ಪ್ಲಗ್ ಹಾಕಿ ಪ್ರಯೋಜನವಿಲ್ಲ.

ಪ್ಲಗ್ ಸಡಿಲಿಸುವ ಮುಂಚೆ ಬಾವಿಯ ನೀರನ್ನು ಬಟ್ಟೆಯಿಂದ ಹೀರಿಸಿ, ಧೂಳನ್ನು ಗಾಳಿ ಊದಿ ತೆಗೆಯಿರಿ. ಸೈಕಲ್ ಪಂಪಿಗೆ ತೆಳ್ಳನೆಯ ಪೈಪು ಸಿಕ್ಕಿಸಿದರೂ ಆಗುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಈ ಹಂತ ಬಿಟ್ಟರೆ ಪ್ಲಗ್ ಮೇಲೆ ಬಂದ ಕೂಡಲೇ ಅಲ್ಲಿದ್ದ ಮರಳು ನೇರ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ಮೊದಲ ಸಲ ‘ಟಕ್’ ಎಂದು ಸಡಿಲವಾಗಿ ಆಮೇಲೆ ಹಗುರಾಗಿ ತಿರುಗಬೇಕು. ತಿರುಗುತ್ತಾ ತಿರುಗುತ್ತಾ ಬಿಗಿಯಾಗುತ್ತಿದ್ದರೆ ನಿಲ್ಲಿಸಿ. ಥ್ರೆಡ್ ಬುಡಕ್ಕೆ ಸ್ವಲ್ಪ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಕಾದು, ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಆಡಿಸಿ. ಆಗಲೂ ಬಾರದಿದ್ದರೆ ರಾಟ್ಚೆಟ್‌ಗೆ ಪೈಪು ಹಾಕಿ ಬಲ ಬಿಡಬೇಡಿ. ಇದ್ದಷ್ಟಕ್ಕೆ ಮರಳಿ ಬಿಗಿಮಾಡಿ ಮೆಕ್ಯಾನಿಕ್ ಬಳಿ ಒಯ್ಯಿರಿ.

ಹೊಸ ಪ್ಲಗ್‌ನ ಗ್ಯಾಪ್ ಗೇಜ್‌ನಲ್ಲಿ ನೋಡಿ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ, ಪಿಂಗಾಣಿಯ ಸೀಳು ಕಣ್ಣಿಗೆ ಕಾಣುವುದಿಲ್ಲ. ಥ್ರೆಡ್‌ಗೆ ಆ್ಯಂಟಿ ಸೀಜ್ ಗ್ರೀಸ್ (ಪ್ಲಗ್ ಕಚ್ಚಿಕೊಳ್ಳದಂತೆ ಹಚ್ಚುವುದು) ಹಚ್ಚಿ ಎಂದು ಹೇಳುವವರಿದ್ದಾರೆ. ಲೇಪನ ಇರುವ ಪ್ಲಗ್‌ಗೆ ಅದು ಬೇಡವೆಂದು ಎನ್‌ಜಿಕೆ ಕಂಪನಿಯೇ ಹೇಳುತ್ತದೆ, ನನ್ನ ಅಭಿಪ್ರಾಯವೂ ಅದೇ. ಜಾರುವ ಥ್ರೆಡ್‌ನಲ್ಲಿ ಅದೇ ಟಾರ್ಕ್‌ಗೆ ಪ್ಲಗ್ ಹೆಚ್ಚು ಬಿಗಿಯಾಗಿ ಥ್ರೆಡ್ ಹಿಗ್ಗುತ್ತದೆ.

ಪ್ಲಗ್‌ನ ನೆತ್ತಿಗೆ ರಬ್ಬರ್ ಪೈಪಿನ ತುದಿ ಸಿಕ್ಕಿಸಿ ಬಾವಿಯೊಳಗೆ ಇಳಿಸಿ. ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ ನಿಧಾನ ತಿರುಗಿಸಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಓರೆಯಾಗಿ ಕೂತಾಗ ಹಿಂದಕ್ಕೆ ತಿರುಗಿಸಿ ಸರಿಮಾಡುತ್ತೀರಲ್ಲ, ಹಾಗೆ. ಒಂದು ಜಾಗದಲ್ಲಿ ಥ್ರೆಡ್ ಥ್ರೆಡ್‌ಗೆ ಇಳಿದದ್ದು ಬೆರಳಿಗೇ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಓರೆಯಾಗಿದ್ದರೆ ಪೈಪು ಪ್ಲಗ್ ಮೇಲೆ ಜಾರುತ್ತದೆ, ಥ್ರೆಡ್ ಕತ್ತರಿಸುವಷ್ಟು ಬಲ ಅದಕ್ಕಿಲ್ಲ. ಕೈಯಲ್ಲೇ ಸಲೀಸಾಗಿ ತಿರುಗಿ ವಾಷರ್ ತಳ ಮುಟ್ಟುವವರೆಗೆ ರಾಟ್ಚೆಟ್ ಮುಟ್ಟಲೇಬೇಡಿ. ಅಪ್ಪನಿಗೆ ಭಯವಿದ್ದರೆ ಈ ಪೈಪನ್ನು ಅವರ ಕೈಗೇ ಕೊಟ್ಟು ಒಂದು ಪ್ಲಗ್ ತಿರುಗಿಸಲು ಹೇಳಿ.

ತಳ ಮುಟ್ಟಿದ ಮೇಲೆ ಟಾರ್ಕ್ ರೆಂಚ್ ಇದ್ದರೆ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ. ವಾಷರ್ ಇರುವ 14 ಮಿ.ಮೀ. ಥ್ರೆಡ್‌ನ ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸಾಮಾನ್ಯ ಲೆಕ್ಕ 25ರಿಂದ 29 ನ್ಯೂಟನ್ ಮೀಟರ್. ರೆಂಚ್ ಇಲ್ಲದಿದ್ದರೆ ಹೊಸ ವಾಷರ್‌ಗೆ ಅರ್ಧ ಸುತ್ತು, ಹಳೇ ಪ್ಲಗ್ಗನ್ನೇ ಮರಳಿ ಹಾಕುವುದಾದರೆ ಹನ್ನೆರಡನೇ ಒಂದು ಸುತ್ತು ಸಾಕು. ಹೊಸ ವಾಷರ್ ಅಮುಕಿಕೊಳ್ಳುವುದು ಕೈಗೆ ಮೆತ್ತಗೆ ತಿಳಿಯುತ್ತದೆ. ಸಡಿಲ ಬಿಡುವುದೂ ತಪ್ಪೇ. ಪ್ಲಗ್ ತನ್ನ ಬಿಸಿಯನ್ನು ಹೆಡ್‌ಗೆ ದಾಟಿಸುವುದು ಈ ಥ್ರೆಡ್ ಮತ್ತು ವಾಷರ್ ಮೂಲಕ. ಸಡಿಲವಿದ್ದರೆ ಅದರ ತುದಿ ಅತಿಯಾಗಿ ಕಾದು, ಕಿಡಿ ಹಾರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ.

ಒಂದು ಸಿಲಿಂಡರ್ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಹಳೇ ಪ್ಲಗ್‌ಗಳನ್ನು ನಂಬರ್ ಪ್ರಕಾರ ಜೋಡಿಸಿಡಿ, ಎಸೆಯಬೇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಥವಾ ಕಿಡಿ ಸರಿಯಿಲ್ಲ. ಒದ್ದೆ ಆಯಿಲ್ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಬೇಕು, ಅದಕ್ಕೆ ಯಾವ ಪ್ಲಗ್ಗೂ ಮದ್ದಲ್ಲ. ಬೆಳ್ಳಗೆ ಗುಳ್ಳೆಗುಳ್ಳೆಯಾಗಿದ್ದರೆ ವಿಪರೀತ ಬಿಸಿ. ಇನ್ನು ಪಿಂಗಾಣಿಯ ಹೊರಮೈಯಲ್ಲಿ, ಲೋಹಕ್ಕೆ ತಾಗುವ ಜಾಗದಲ್ಲಿ ಕಂದು ಉಂಗುರ ಕಾಣಬಹುದು. ‘ಕಂಪ್ರೆಷನ್ ಲೀಕ್’ ಎಂದು ಅದನ್ನು ತೋರಿಸಿ ಹೆದರಿಸುವವರಿದ್ದಾರೆ. ಅದು ಹೈ ವೋಲ್ಟೇಜ್ ಸುತ್ತಲಿನ ಗಾಳಿಯಲ್ಲಿದ್ದ ಎಣ್ಣೆಯ ಕಣಗಳನ್ನು ಎಳೆದು ಅಂಟಿಸಿದ ಕಲೆ ಅಷ್ಟೇ, ಅದರಿಂದ ಏನೂ ಹಾನಿಯಿಲ್ಲ.

ನೀವೇ ಮಾಡಲು ಮನಸ್ಸಾಗದಿದ್ದರೆ ಅದರಲ್ಲಿ ಕುಂದೇನಿಲ್ಲ. ಪ್ಲಗ್ ನೀವೇ ತಂದು, ಪರಿಚಯದ ಮೆಕ್ಯಾನಿಕ್ ಬಳಿ ಎದುರಿಗೆ ನಿಂತು ಹಾಕಿಸಿ, ‘ಮೊದಲು ಕೈಯಲ್ಲಿ ಕೂರಿಸಿ’ ಎಂದು ಕೇಳಿ. ವಾರಂಟಿಯಲ್ಲಿರುವ ಕಾರಾದರೆ ಸರ್ವಿಸ್ ಸೆಂಟರಿಗೇ ಬಿಡುವುದು ಲೇಸು. ಹಳೇ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್‌ನಲ್ಲಿ ಸಿಲಿಂಡರಿಗೆ ಎರಡರಂತೆ ಎಂಟು ಪ್ಲಗ್ ಇರುತ್ತವೆ, ಅದನ್ನು ಮೊದಲ ಪ್ರಯತ್ನಕ್ಕೆ ಆರಿಸಿಕೊಳ್ಳಬೇಡಿ ಎಂದೂ ಇದನ್ನು ಓದುವ ಇತರರಿಗೆ ಹೇಳುತ್ತೇನೆ.

ಎಲ್ಲ ಜೋಡಿಸಿದ ಮೇಲೆ ಕನೆಕ್ಟರ್‌ಗಳು ‘ಕ್ಲಿಕ್’ ಎಂದು ಕೂತಿವೆಯೇ ನೋಡಿ, ಗಾಳಿಯ ಬಾಯಿಗೆ ತುರುಕಿದ ಬಟ್ಟೆ ತೆಗೆದದ್ದು ಖಾತ್ರಿ ಮಾಡಿಕೊಂಡು ಸ್ಟಾರ್ಟ್ ಮಾಡಿ. ಹಳೇ ಕೋಡ್ ಅಳಿಸಿ ಎರಡು ದಿನ ಓಡಿಸಿ, ಮೂರನೇ ಬೆಳಗ್ಗೆ ತಣ್ಣಗಿರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ನಡುಕ ಹೋಗಿದ್ದರೆ ಮುಂದಿನ ವಾಟರ್ ಸರ್ವಿಸ್‌ನಲ್ಲಿ ಎಂಜಿನ್‌ಗೆ ನೀರು ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಹೇಳಿ. ಹೋಗಿರದಿದ್ದರೆ ಹೊಸ ಕೋಡ್ ಮತ್ತು ನಂಬರ್ ಪ್ರಕಾರ ಜೋಡಿಸಿಟ್ಟ ಹಳೇ ಪ್ಲಗ್‌ಗಳ ಫೋಟೊ ಕಳಿಸಿ, ಇಂಜೆಕ್ಟರ್ ಮತ್ತು ಕಂಪ್ರೆಷನ್ ಕಡೆಯಿಂದ ನೋಡೋಣ.